ಸೂಪರ್‌ಮ್ಯಾನ್‌ನ ಮೀಸೆ ಮತ್ತು ಮನೆಯೊಳಗಿನ ಜಗಳ

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ರಜೆಗೆ ಅಕ್ಕನ ಮಗ ಬಂದನೆಂದರೆ ಇಬ್ಬರೂ ಮಧ್ಯರಾತ್ರಿವರೆಗೆ ಕಿತ್ತಾಡುತ್ತಾರೆ. ಆಸ್ತಿಗಲ್ಲ, ಕ್ರಿಕೆಟ್ಟಿಗೂ ಅಲ್ಲ, ಸೂಪರ್‌ಮ್ಯಾನ್‌ಗಾಗಿ! ಒಬ್ಬ ‘ಸ್ಟುಡಿಯೋದವರು ಹಾಳು ಮಾಡಿದ್ರು’ ಅನ್ನುತ್ತಾನೆ, ಇನ್ನೊಬ್ಬ ‘ಸ್ನೈಡರೇ ಹಾಳು ಮಾಡಿದ್ದು’ ಅನ್ನುತ್ತಾನೆ. ಸಿನಿಮಾ ಚೆನ್ನಾಗಿಲ್ಲದಿದ್ದರೆ ಬಿಟ್ಟು ಬೇರೆ ನೋಡಬಹುದಲ್ಲ? ಅಮೆರಿಕದ ಯಾವುದೋ ಕಂಪನಿಯ ಮೇಲೆ ಇವರಿಗೇಕೆ ಇಷ್ಟು ಸಿಟ್ಟು? ಅಂದಹಾಗೆ, ಯಾರು ಸರಿ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಮೀಸೆಯಿಂದಲೇ ಶುರು ಮಾಡೋಣ.

2017ರಲ್ಲಿ ‘ಜಸ್ಟೀಸ್ ಲೀಗ್’ ಎಂಬ ಸಿನಿಮಾ ತೆರೆಗೆ ಬರಲು ಕೆಲವೇ ತಿಂಗಳು ಬಾಕಿ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಎಲ್ಲರೂ ಒಟ್ಟಿಗೆ ಬರುವ ಚಿತ್ರ. ಶೂಟಿಂಗ್ ಮುಗಿದಿತ್ತು. ಆದರೆ ನಿರ್ಮಾಣ ಸಂಸ್ಥೆ ವಾರ್ನರ್ ಬ್ರದರ್ಸ್‌ಗೆ ಸಮಾಧಾನವಿರಲಿಲ್ಲ, ಹೊಸ ದೃಶ್ಯಗಳು ಬೇಕೆಂದಿತು. ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ ಅಷ್ಟರಲ್ಲಿ ‘ಮಿಷನ್: ಇಂಪಾಸಿಬಲ್’ ಸರಣಿಯ ಇನ್ನೊಂದು ಚಿತ್ರಕ್ಕಾಗಿ ದಪ್ಪ ಮೀಸೆ ಬಿಟ್ಟಿದ್ದರು. ಆ ಚಿತ್ರ ಪ್ಯಾರಾಮೌಂಟ್ ಕಂಪನಿಯದು. ‘ಮೀಸೆ ಬೋಳಿಸಲು ಬಿಡುವುದಿಲ್ಲ’ ಎಂದು ಅವರು ಪಟ್ಟು ಹಿಡಿದರು. ಕೊನೆಗೆ ಮೀಸೆ ಸಮೇತ ಶೂಟಿಂಗ್ ಮಾಡಿ, ಕಂಪ್ಯೂಟರಿನಲ್ಲಿ ಅದನ್ನು ಅಳಿಸಿದರು. ಸಿನಿಮಾದ ಮೊದಲ ದೃಶ್ಯದಲ್ಲೇ ಸೂಪರ್‌ಮ್ಯಾನ್ ಬರುತ್ತಾನೆ, ಮೇಲ್ತುಟಿಗೆ ಜೇನು ಕಚ್ಚಿದಂತೆ ಕಾಣುತ್ತದೆ. ಮುಖ ಒಂದು ಕಡೆ, ತುಟಿ ಇನ್ನೊಂದು ಕಡೆ.

ನಿಮ್ಮ ಮಗನ ಸಿಟ್ಟಿಗೆ (ಅಥವಾ ಅಕ್ಕನ ಮಗನ ಸಿಟ್ಟಿಗೆ, ಯಾರು ಯಾವ ಪಕ್ಷವೆಂದು ನೀವು ಬರೆದಿಲ್ಲ) ಆ ತುಟಿಯೇ ಗುರುತು. ಮುಖ ಒಬ್ಬರು ಕೊಟ್ಟದ್ದು, ತುಟಿ ಇನ್ನೊಬ್ಬರು ತಿದ್ದಿದ್ದು, ಕೊನೆಗೆ ಯಾರದ್ದೂ ಅಲ್ಲದ ಸಿನಿಮಾ.

ಕಥೆ ಅಲ್ಲಿಗೆ ಹೇಗೆ ಬಂತೆಂದು ಹೇಳಬೇಕು. ಝಾಕ್ ಸ್ನೈಡರ್ ಎಂಬ ನಿರ್ದೇಶಕ 2013ರಲ್ಲಿ ‘ಮ್ಯಾನ್ ಆಫ್ ಸ್ಟೀಲ್’ ಮಾಡಿದರು. ಅದರ ಸೂಪರ್‌ಮ್ಯಾನ್ ಗಂಭೀರ, ಏಕಾಂಗಿ. ಕೊನೆಯಲ್ಲಿ ಖಳನಾಯಕ ಜಾಡ್‌ನ ಕತ್ತು ಮುರಿದು ಕೊಲ್ಲುತ್ತಾನೆ. ಜಗಳ ಶುರುವಾದದ್ದೇ ಅಲ್ಲಿ. ಸೂಪರ್‌ಮ್ಯಾನ್ ಎಂದರೆ ಮರ ಹತ್ತಿ ಕುಳಿತ ಬೆಕ್ಕನ್ನೂ ಇಳಿಸಿಕೊಡುವವನು ಎಂದು ನಂಬಿ ಬೆಳೆದವರಿಗೆ ಇದು ರಾಮ ಸುಳ್ಳು ಹೇಳಿದಷ್ಟೇ ಆಘಾತ. ಇನ್ನು ಕೆಲವರಿಗೆ, ದೇವರಂಥವನು ಭೂಮಿಗೆ ಬಂದರೆ ನಿಜವಾಗಿ ಏನಾಗುತ್ತದೆ ಎಂದು ಕೇಳುವ ಧೈರ್ಯ ಕೊನೆಗೂ ಒಬ್ಬರಿಗೆ ಬಂತಲ್ಲ ಎಂಬ ಸಂತೋಷ.

2016ರ ಮಾರ್ಚ್‌ನಲ್ಲಿ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಬಂತು. ಅಮೆರಿಕದಲ್ಲಿ ಮೊದಲ ವಾರಾಂತ್ಯ ಜನ ಮುಗಿಬಿದ್ದರು. ಎರಡನೇ ವಾರಾಂತ್ಯಕ್ಕೆ ಗಳಿಕೆ ಸುಮಾರು ಶೇ 69ರಷ್ಟು ಕುಸಿಯಿತು. ನೋಡಿಬಂದವರು ಪಕ್ಕದ ಮನೆಯವರಿಗೆ ಏನು ಹೇಳಿದರೆಂದು ಆ ಅಂಕಿಯೇ ಹೇಳುತ್ತದೆ. ಕೆಲವು ತಿಂಗಳಲ್ಲಿ ಅದರದೇ ಉದ್ದನೆಯ ಆವೃತ್ತಿ ಮನೆಯಲ್ಲಿ ನೋಡಲು ಸಿಕ್ಕಿತು, ಅರ್ಧ ಗಂಟೆ ಹೆಚ್ಚು. ಥಿಯೇಟರಿನಲ್ಲಿ ತಲೆಬುಡ ಗೊತ್ತಾಗದಿದ್ದ ಎಷ್ಟೋ ಪ್ರಸಂಗಗಳಿಗೆ ಅಲ್ಲಿ ಅರ್ಥ ಸಿಕ್ಕಿತು. ಈ ಅರ್ಧ ಗಂಟೆಯನ್ನು ನೆನಪಿಟ್ಟುಕೊಳ್ಳಿ. ‘ಕಂಪನಿ ಕತ್ತರಿಸಿ ಬಿಸಾಡಿದ್ದರಲ್ಲೇ ನಿಜವಾದ ಸಿನಿಮಾ ಇದೆ’ ಎಂಬ ನಂಬಿಕೆ ಅಭಿಮಾನಿಗಳಲ್ಲಿ ಬೇರೂರಿದ್ದು ಆಗ. ಆ ನಂಬಿಕೆಗೆ ಆಧಾರವಿತ್ತು, ಬರೀ ಹುಚ್ಚಲ್ಲ.

ಕಂಪನಿ ಕಲಿತ ಪಾಠವೇ ಬೇರೆ. ‘ಜನಕ್ಕೆ ನಗು ಬೇಕು, ಉದ್ದ ಬೇಡ.’ ಅದೇ ವರ್ಷದ ‘ಸುಸೈಡ್ ಸ್ಕ್ವಾಡ್’ ಚಿತ್ರದ ಟ್ರೇಲರ್ ಜನಪ್ರಿಯವಾಯಿತೆಂದು, ಟ್ರೇಲರ್ ಮಾಡಿದ ಸಂಸ್ಥೆಯನ್ನೇ ಕರೆಸಿ ಇಡೀ ಸಿನಿಮಾದ ಇನ್ನೊಂದು ಎಡಿಟಿಂಗ್ ಮಾಡಿಸಿದರೆಂದು ಅಲ್ಲಿನ ಪತ್ರಿಕೆಗಳು ಬರೆದವು. ಲಗ್ನಪತ್ರಿಕೆ ಚೆನ್ನಾಗಿ ಅಚ್ಚು ಹಾಕಿದನೆಂದು ಅವನಿಗೇ ಮದುವೆ ಅಡುಗೆ ವಹಿಸಿದ ಹಾಗೆ.

2017ರ ಮಾರ್ಚ್‌ನಲ್ಲಿ ಸ್ನೈಡರ್ ಅವರ ಮಗಳು ತೀರಿಕೊಂಡಳು. ಆತ್ಮಹತ್ಯೆ. ಮೇ ತಿಂಗಳಲ್ಲಿ ಅವರು ‘ಜಸ್ಟೀಸ್ ಲೀಗ್’ನಿಂದ ಹಿಂದೆ ಸರಿದರು. ‘ಅವೆಂಜರ್ಸ್’ ಮಾಡಿ ಹೆಸರು ಗಳಿಸಿದ್ದ ಜಾಸ್ ವೇಡನ್ ಕೈಗೆ ಕೆಲಸ ಹೋಯಿತು. ದೃಶ್ಯಗಳನ್ನು ಮತ್ತೆ ಬರೆದರು, ತಮಾಷೆ ತುರುಕಿದರು, ಬಣ್ಣ ಬೆಳಗಿಸಿದರು. ಎರಡೇ ಗಂಟೆಯಲ್ಲಿ ಮುಗಿಸಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು ಎನ್ನುತ್ತಾರೆ, ಚಿತ್ರವೂ ಸರಿಯಾಗಿ ಎರಡು ಗಂಟೆಯದೇ. ನವೆಂಬರ್ 17ಕ್ಕೆ ತೆರೆಕಂಡು ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಸುಮಾರು 66 ಕೋಟಿ ಡಾಲರ್ ಗಳಿಸಿದ್ದನ್ನು ಮಲಗಿತು ಎನ್ನುವುದೇ ಎಂದು ನೀವು ಕೇಳಬಹುದು. ಖರ್ಚೇ 30 ಕೋಟಿಯ ಹತ್ತಿರ, ಥಿಯೇಟರಿನವರ ಪಾಲು ಬೇರೆ, ಪ್ರಚಾರ ಬೇರೆ. ಎದುರಾಳಿ ಮಾರ್ವೆಲ್‌ನ ‘ಅವೆಂಜರ್ಸ್’ 2012ರಲ್ಲೇ 150 ಕೋಟಿ ದಾಟಿತ್ತು.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಚೆನ್ನಾಗಿಲ್ಲದಿದ್ದರೆ ಬಿಟ್ಟುಬಿಡಬಹುದಲ್ಲ?

ನಮ್ಮ ಕಡೆ ತಾಳಮದ್ದಲೆ ಮುಗಿಸಿ ಮನೆಗೆ ಹೋಗುವವರ ಮಾತು ಕೇಳಿದ್ದೀರಾ? ‘ಇವತ್ತಿನ ಕರ್ಣ ಸರಿ ಬರಲಿಲ್ಲ ಮಾರಾಯ, ಕೃಷ್ಣನೇ ನುಂಗಿಬಿಟ್ಟ’ ಅಂತ ಒಬ್ಬ. ‘ಕರ್ಣ ಇರುವುದೇ ಹಾಗೆ, ನಿನಗೆ ಗೊತ್ತಿಲ್ಲ’ ಅಂತ ಇನ್ನೊಬ್ಬ. ಸೈಕಲ್ಲು ಏರುವವರೆಗೂ ವಾದ. ಆದರೆ ಬೆಳಗಾದರೆ ಯಾರಿಗೂ ಸಿಟ್ಟಿಲ್ಲ. ಬರುವ ಶನಿವಾರ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಅರ್ಥಧಾರಿಯ ಕರ್ಣ ಇದ್ದೇ ಇರುತ್ತಾನೆ. ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕುಮಾರವ್ಯಾಸ ಐವರಿಗೂ ಮಾಡಿಸಿ ತನ್ನದೇ ದಾರಿ ಹಿಡಿದ. ಭೈರಪ್ಪನವರು ‘ಪರ್ವ’ದಲ್ಲಿ ಪವಾಡಗಳನ್ನೆಲ್ಲ ತೆಗೆದುಹಾಕಿದರು. ಇವರಲ್ಲಿ ಯಾರೂ ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ಮಹಾಭಾರತದ ಹಕ್ಕುಪತ್ರ ಯಾರ ಬೀರುವಿನಲ್ಲೂ ಇಲ್ಲ.

ಸೂಪರ್‌ಮ್ಯಾನ್‌ನ ಹಕ್ಕುಪತ್ರ ಇದೆ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ತಾವು ಸೃಷ್ಟಿಸಿದ ಈ ನಾಯಕನನ್ನು 130 ಡಾಲರಿಗೆ ಬರೆದುಕೊಟ್ಟರು. ಪುಟಕ್ಕೆ ಹತ್ತು ಡಾಲರಿನಂತೆ 13 ಪುಟ. ಆಮೇಲೆ ಕೋರ್ಟು ಕಚೇರಿ ಅಲೆದು ಬಡವಾದರು. 1975ರಲ್ಲಿ, ದೊಡ್ಡ ಸಿನಿಮಾದ ತಯಾರಿ ನಡೆದಿದ್ದಾಗ, ಸೃಷ್ಟಿಕರ್ತರ ಪಾಡು ಪತ್ರಿಕೆಗಳಲ್ಲಿ ಬಂದು ಮುಜುಗರವಾಗಿ, ವಾರ್ನರ್ ಸಂಸ್ಥೆ ಆ ಇಬ್ಬರಿಗೆ ವರ್ಷಕ್ಕೆ 20,000 ಡಾಲರ್ ಪಿಂಚಣಿಯನ್ನೂ ಹೆಸರು ಹಾಕುವ ಮರ್ಯಾದೆಯನ್ನೂ ಕೊಟ್ಟಿತು. ಸ್ಟುಡಿಯೋ ಈ ಪಾತ್ರವನ್ನು ‘ನಡೆಸಿಕೊಂಡ ರೀತಿ’ಯ ಲೆಕ್ಕ ಬರೆಯುವುದಾದರೆ ಮೊದಲ ಪುಟ ಅಲ್ಲಿಂದಲೇ ಶುರುವಾಗಬೇಕು. ಕತ್ತರಿ ಪ್ರಯೋಗದ ಬಗ್ಗೆ ಕಣ್ಣೀರು ಹಾಕುವ ಅಭಿಮಾನಿಗಳಲ್ಲಿ ಎಷ್ಟೋ ಜನ ಈ ಪುಟ ತೆರೆಯುವುದೇ ಇಲ್ಲ ಎನ್ನುವುದು ನನ್ನ ಸಣ್ಣ ತಕರಾರು.

ಹಕ್ಕು ಒಬ್ಬರ ಕೈಯಲ್ಲಿದ್ದರೆ ಏನಾಗುತ್ತದೆ? ದೊಡ್ಡ ತೆರೆಗೆ ಒಂದು ಕಾಲಕ್ಕೆ ಒಬ್ಬನೇ ಸೂಪರ್‌ಮ್ಯಾನ್. ಅವನು ಇಷ್ಟವಾಗದಿದ್ದರೆ ಪಕ್ಕದ ಊರಿಗೆ ಹೋಗಿ ಇನ್ನೊಬ್ಬನನ್ನು ನೋಡುವಂತಿಲ್ಲ. ಹತ್ತು ವರ್ಷ ಕಾಯಬೇಕು. ಅವನು ಇಷ್ಟವಾಗಿ, ಕಂಪನಿಗೆ ಇಷ್ಟವಾಗದೆ ಹೋದರಂತೂ ಅರ್ಧ ಕಥೆಗೇ ಪರದೆ ಬೀಳುತ್ತದೆ. ಬಿಟ್ಟು ಹೋಗಲು ಬೇರೆ ಬಾಗಿಲೇ ಇಲ್ಲದ ಮನೆಯಲ್ಲಿ ಜಗಳ ಜೋರಾಗಿಯೇ ಇರುತ್ತದೆ.

ಹಕ್ಕು ಎಂಬುದು ಎಷ್ಟು ವಿಚಿತ್ರ ಪ್ರಾಣಿ ಎಂಬುದಕ್ಕೆ ಮಾರ್ವೆಲ್ ಕಡೆಯದೊಂದು ಕಥೆ ಕೇಳಿ. ‘ಫೆಂಟಾಸ್ಟಿಕ್ ಫೋರ್’ ಸಿನಿಮಾ ಹಕ್ಕು ಬರ್ನ್ಡ್ ಐಖಿಂಗರ್ ಎಂಬ ಜರ್ಮನ್ ನಿರ್ಮಾಪಕರ ಬಳಿ ಇತ್ತು. 1992ರ ಕೊನೆಯೊಳಗೆ ಶೂಟಿಂಗ್ ಶುರುವಾಗದಿದ್ದರೆ ಹಕ್ಕು ಕೈತಪ್ಪುತ್ತಿತ್ತು. ಅಗ್ಗದ ಚಿತ್ರಗಳಿಗೆ ಹೆಸರಾದ ರಾಜರ್ ಕಾರ್ಮನ್ ಜೊತೆ ಸೇರಿ, ಸುಮಾರು ಹತ್ತು ಲಕ್ಷ ಡಾಲರಿನಲ್ಲಿ, ಆ ಡಿಸೆಂಬರಿನ ಕೊನೆಯ ವಾರ ಕ್ಯಾಮೆರಾ ಚಾಲೂ ಮಾಡಿದರು. ಚಿತ್ರ ಪೂರ್ತಿಯಾಯಿತು. ನಟರು ಊರೂರು ಸುತ್ತಿ ಪ್ರಚಾರ ಮಾಡಿದರು. ಆದರೆ ಅದು ಇವತ್ತಿಗೂ ಅಧಿಕೃತವಾಗಿ ಬಿಡುಗಡೆಯಾಗಿಲ್ಲ! ಕಳ್ಳ ಕ್ಯಾಸೆಟ್ಟುಗಳಲ್ಲಷ್ಟೇ ಬದುಕಿತು. ಮಾರ್ವೆಲ್ ಆ ದಶಕದಲ್ಲಿ ದಿವಾಳಿಯೂ ಆಯಿತು, ಒಂದೊಂದೇ ಪಾತ್ರವನ್ನು ಒಂದೊಂದು ಸ್ಟುಡಿಯೋಗೆ ಕೊಟ್ಟಿತು. ಸ್ಪೈಡರ್‌ಮ್ಯಾನ್ ಸೋನಿ ಪಾಲಾದ, ಎಕ್ಸ್-ಮೆನ್ ಫಾಕ್ಸ್ ಪಾಲಾದರು. ಮನೆಮಠ ಒಡೆದು ಅಣ್ಣತಮ್ಮಂದಿರು ಬೇರೆಬೇರೆ ಊರಿಗೆ ದತ್ತು ಹೋದ ಹಾಗೆ. ಸ್ಪೈಡರ್‌ಮ್ಯಾನ್ ‘ತವರಿಗೆ’ ಬರಬೇಕೋ ಬೇಡವೋ ಎಂದು ಸೋನಿ ಮತ್ತು ಮಾರ್ವೆಲ್‌ನ ಯಜಮಾನ ಡಿಸ್ನಿ 2019ರಲ್ಲಿ ಮುನಿಸಿಕೊಂಡು ಮತ್ತೆ ರಾಜಿಯಾದಾಗ ಜನ ಅದನ್ನು ಮನೆಯ ವ್ಯಾಜ್ಯದಷ್ಟೇ ತನ್ಮಯತೆಯಿಂದ ಹಿಂಬಾಲಿಸಿದರು.

ಸ್ಟುಡಿಯೋ ಜೊತೆ ಅಭಿಮಾನಿಗಳ ಕುಸ್ತಿ ಇಂಟರ್ನೆಟ್ಟಿನ ಕೂಸೇನೂ ಅಲ್ಲ. 1989ರ ‘ಬ್ಯಾಟ್‌ಮ್ಯಾನ್’ಗೆ ಹಾಸ್ಯಪಾತ್ರಗಳ ಮೈಕಲ್ ಕೀಟನ್ ನಾಯಕ ಎಂದಾಗ ವಾರ್ನರ್ ಕಚೇರಿಗೆ ಸುಮಾರು 50,000 ಪ್ರತಿಭಟನೆಯ ಪತ್ರಗಳು ಬಂದವಂತೆ, ಅಂಚೆಚೀಟಿ ಅಂಟಿಸಿದ ಪತ್ರಗಳು. ಸಿನಿಮಾ ಬಂದ ಮೇಲೆ ಕೀಟನ್‌ರಂಥ ಬ್ಯಾಟ್‌ಮ್ಯಾನ್ ಇಲ್ಲವೆಂದರು. 2008ರ ‘ಡಾರ್ಕ್ ನೈಟ್’ಗೆ ಹೀತ್ ಲೆಡ್ಜರ್ ಜೋಕರ್ ಎಂದಾಗಲೂ ಮೂಗು ಮುರಿದರು. ಅವರಿಗೆ ಮರಣೋತ್ತರ ಆಸ್ಕರ್ ಬಂತು. ಪಾತ್ರಕ್ಕೆ ಯಾರು ಸರಿ ಎಂದು ಮೊದಲೇ ಊಹಿಸುವುದರಲ್ಲಿ ಅಭಿಮಾನಿಗಳ ದಾಖಲೆ ಹೇಳಿಕೊಳ್ಳುವಂಥದ್ದಲ್ಲ. ಎಡಿಟಿಂಗ್ ವಿಷಯದಲ್ಲಿ ಮಾತ್ರ ಅವರ ಮೂಗು ಚುರುಕು.

ಅದಕ್ಕೆ ಸಾಕ್ಷಿ ಸೂಪರ್‌ಮ್ಯಾನೇ. 1978ರ ಚಿತ್ರದ ಜೊತೆಜೊತೆಗೇ ಎರಡನೇ ಭಾಗದ ಬಹುಪಾಲನ್ನು ರಿಚರ್ಡ್ ಡಾನರ್ ಚಿತ್ರೀಕರಿಸಿದ್ದರು. ನಿರ್ಮಾಪಕರ ಜೊತೆ ಜಗಳವಾಯಿತು. ರಿಚರ್ಡ್ ಲೆಸ್ಟರ್ ಬಂದು ಮತ್ತೆ ಶೂಟ್ ಮಾಡಿ 1980ರಲ್ಲಿ ಮುಗಿಸಿದರು. ಮಾರ್ಲನ್ ಬ್ರ್ಯಾಂಡೋ ಅಭಿನಯಿಸಿದ್ದ ದೃಶ್ಯಗಳೇ ಕಾಣೆ. ಜನ ಮರೆಯಲಿಲ್ಲ. ಕಾಲು ಶತಮಾನ ಬೇಡಿದ ಮೇಲೆ, 2006ರಲ್ಲಿ, ಡಾನರ್ ಆವೃತ್ತಿ ಡಿವಿಡಿಯಲ್ಲಿ ಬಂತು. ಚಿತ್ರೀಕರಣವೇ ಆಗದಿದ್ದ ಒಂದು ದೃಶ್ಯಕ್ಕೆ ನಾಯಕ ನಾಯಕಿಯರ ಹಳೆಯ ಸ್ಕ್ರೀನ್ ಟೆಸ್ಟಿನ ತುಣುಕನ್ನೇ ಹೊಲಿದಿದ್ದಾರೆ. ಒಂದೇ ದೃಶ್ಯದೊಳಗೆ ಕೂದಲು ಒಮ್ಮೆ ಹಾಗೆ, ಒಮ್ಮೆ ಹೀಗೆ. ನನಗೆ ಆ ಹೊಲಿಗೆ ಮೀಸೆ ಅಳಿಸಿದ ತುಟಿಗಿಂತ ಎಷ್ಟೋ ಇಷ್ಟ. ಅಲ್ಲಿ ಯಾರೂ ಏನನ್ನೂ ಮುಚ್ಚಿಡಲು ನೋಡಿಲ್ಲ.

ಹಾಗಾಗಿ 2017ರ ಕೊನೆಗೆ ‘ಸ್ನೈಡರ್ ಕಟ್ ಬಿಡುಗಡೆ ಮಾಡಿ’ ಎಂಬ ಹ್ಯಾಷ್‌ಟ್ಯಾಗ್ ಹುಟ್ಟಿದಾಗ, ಹಳಬರಿಗೆ ಅದು ಹೊಸ ಹಾಡೇನೂ ಆಗಿರಲಿಲ್ಲ. ವೇಗ ಮಾತ್ರ ಹೊಸದು. ಅರ್ಜಿಗೆ ಸಹಿ ಹಾಕಿಸಿದರು, ಬಿಲ್‌ಬೋರ್ಡ್‌ಗೆ ಚಂದಾ ಎತ್ತಿದರು, ಕಾಮಿಕ್-ಕಾನ್ ಸಮ್ಮೇಳನದ ಮೇಲೆ ವಿಮಾನದಲ್ಲಿ ಬ್ಯಾನರ್ ಹಾರಿಸಿದರು. ಚಿತ್ರಕ್ಕೆ ಎರಡು ವರ್ಷ ತುಂಬಿದ ದಿನ ವಂಡರ್ ವುಮನ್ ಮತ್ತು ಬ್ಯಾಟ್‌ಮ್ಯಾನ್ ಪಾತ್ರಧಾರಿಗಳೇ ಅದೇ ಹ್ಯಾಷ್‌ಟ್ಯಾಗ್ ಬರೆದರು. ಅಭಿಯಾನದವರು ಆತ್ಮಹತ್ಯೆ ತಡೆಯುವ ಸಂಸ್ಥೆಯೊಂದಕ್ಕೆ ಐದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿಕೊಟ್ಟರು. ಸ್ನೈಡರ್ ಮಗಳ ನೆನಪಿಗೆ. ಇದನ್ನು ಮರೆತು ಇವರನ್ನೆಲ್ಲ ಪುಂಡರೆಂದು ತಳ್ಳಿಹಾಕುವುದು ಅನ್ಯಾಯ.

ಆದರೆ ಪುಂಡರೂ ಇದ್ದರು. ಚಿತ್ರ ಇಷ್ಟವಾಗಲಿಲ್ಲವೆಂದ ವಿಮರ್ಶಕರಿಗೆ, ಸ್ಟುಡಿಯೋ ಅಧಿಕಾರಿಗಳಿಗೆ ಬೈಗುಳ, ಬೆದರಿಕೆ. 2022ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ, ಸ್ಟುಡಿಯೋದ ಮಾತೃಸಂಸ್ಥೆ ತಾನೇ ಮಾಡಿಸಿಕೊಂಡಿದ್ದ ವರದಿಯನ್ನು ಉಲ್ಲೇಖಿಸಿ, ಈ ಗದ್ದಲದಲ್ಲಿದ್ದ ಖಾತೆಗಳಲ್ಲಿ ಕನಿಷ್ಠ ಶೇ 13 ನಕಲಿ ಎಂದು ಬರೆಯಿತು. ಹಾಗಾದರೆ ಶೇ 87ರವರೆಗೆ ಅಸಲಿ ಇರಬಹುದಲ್ಲ ಎಂದು ಅಭಿಮಾನಿಗಳು ತಿರುಗಿ ಕೇಳಿದರೆ ಅದೂ ತಪ್ಪಲ್ಲ.

ಸರಿ, ಕಂಪನಿ ಮಣಿದದ್ದು ಯಾಕೆ? ಸ್ನೈಡರ್ ಪಕ್ಷದ ಹುಡುಗ ‘ನಾವು ಗೆದ್ವಿ’ ಅನ್ನಬಹುದು. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 2018ರಲ್ಲಿ ಎಟಿ ಅಂಡ್ ಟಿ ಎಂಬ ದೂರವಾಣಿ ದೈತ್ಯ ವಾರ್ನರ್‌ನ ಮಾತೃಸಂಸ್ಥೆಯನ್ನು ಕೊಂಡಿತ್ತು. 2020ರ ಮೇ 27ಕ್ಕೆ ಅವರ ಹೊಸ ಓಟಿಟಿ, ಎಚ್‌ಬಿಓ ಮ್ಯಾಕ್ಸ್, ಶುರುವಾಗಬೇಕಿತ್ತು. ಕೋವಿಡ್‌ನಿಂದ ಶೂಟಿಂಗ್‌ಗಳೆಲ್ಲ ಬಂದ್. ಅಂಗಡಿ ತೆರೆಯುವ ಹೊತ್ತಿಗೆ ಶೋಕೇಸಿನಲ್ಲಿ ಇಡಲು ಸರಕಿಲ್ಲ. ಗೋಡೌನಿನಲ್ಲಿ ನೋಡಿದರೆ, ಜನ ಎರಡೂವರೆ ವರ್ಷದಿಂದ ಬಾಗಿಲು ಬಡಿದು ಕೇಳುತ್ತಿರುವ ಸರಕು! ಅಂಗಡಿ ತೆರೆಯುವ ಒಂದು ವಾರ ಮುಂಚೆ ಘೋಷಣೆ ಹೊರಬಿತ್ತು. ಇನ್ನೊಂದು 7 ಕೋಟಿ ಡಾಲರ್ ಸುರಿದು, 2021ರ ಮಾರ್ಚ್ 18ರಂದು ಸಿನಿಮಾ ಬಂತು. ಸ್ನೈಡರ್ ಸಂಭಾವನೆ ಪಡೆಯಲಿಲ್ಲ. ವೇಡನ್ ತೆಗೆದ ಒಂದು ದೃಶ್ಯವನ್ನೂ ಬಳಸಲಿಲ್ಲ. ಕೊನೆಯಲ್ಲಿ ಮಗಳಿಗೆ ಅರ್ಪಣೆ.

ಅಭಿಮಾನಿಗಳ ಕೂಗು ಬೇಕಿತ್ತು, ನಿಜ. ಆದರೆ ವ್ಯಾಪಾರದ ಗಳಿಗೆ ಕೂಡಿಬರದಿದ್ದರೆ ಆ ಕೂಗು ಇವತ್ತಿಗೂ ಕೂಗಾಗಿಯೇ ಉಳಿಯುತ್ತಿತ್ತು. ಮುಂದಿನ ಭಾಗಗಳೂ ಬೇಕೆಂದು ಅವರು ಅಷ್ಟೇ ಜೋರಾಗಿ ಕೇಳಿದರು, ಅದು ಸಿಗಲಿಲ್ಲ. ಮನೆಯ ಯಜಮಾನರು ಮತ್ತೆ ಬದಲಾದರು. 2022ರ ಏಪ್ರಿಲ್‌ನಲ್ಲಿ ವಾರ್ನರ್ ಡಿಸ್ಕವರಿ ಜೊತೆ ಸೇರಿತು. ಆಗಸ್ಟ್‌ನಲ್ಲಿ, ಸುಮಾರು 9 ಕೋಟಿ ಡಾಲರ್ ಖರ್ಚು ಮಾಡಿ ಶೂಟಿಂಗ್ ಮುಗಿಸಿದ್ದ ‘ಬ್ಯಾಟ್‌ಗರ್ಲ್’ ಚಿತ್ರವನ್ನು ಬಿಡುಗಡೆಯನ್ನೇ ಮಾಡದೆ ತೆರಿಗೆ ಲೆಕ್ಕದಲ್ಲಿ ನಷ್ಟವಾಗಿ ತೋರಿಸಿದರು. ಕೆಟ್ಟ ಸಿನಿಮಾ ಆಗಿತ್ತೇನೋ, ಇರಲಿ. ಕೆಟ್ಟದ್ದೆಂದು ನಾನೇ ಹೇಳುವ ಅವಕಾಶವನ್ನು ಕಿತ್ತುಕೊಂಡದ್ದು ನನಗೆ ಇಡೀ ಗಲಾಟೆಯಲ್ಲೇ ಅತಿ ಕೆಟ್ಟ ಕೆಲಸವಾಗಿ ಕಾಣುತ್ತದೆ. ಹೆನ್ರಿ ಕ್ಯಾವಿಲ್ ಆ ಅಕ್ಟೋಬರ್‌ನಲ್ಲಿ ‘ಸೂಪರ್‌ಮ್ಯಾನ್ ಆಗಿ ಮತ್ತೆ ಬರುತ್ತಿದ್ದೇನೆ’ ಎಂದು ಸಾರಿದರು, ಡಿಸೆಂಬರಿಗೆ ‘ಇಲ್ಲ, ಬರುವುದಿಲ್ಲ’ ಎಂದು ಹೇಳಬೇಕಾಯಿತು. ನಡುವೆ ಜೇಮ್ಸ್ ಗನ್ ಮತ್ತು ಪೀಟರ್ ಸಫ್ರಾನ್ ಹೊಸ ಮುಖ್ಯಸ್ಥರಾಗಿ ಬಂದಿದ್ದರು. ಗನ್ ಅವರ ‘ಸೂಪರ್‌ಮ್ಯಾನ್’ 2025ರ ಜುಲೈಯಲ್ಲಿ ಬಂತು, ಹೊಸ ನಟ, ಹೊಸ ಬಣ್ಣ. ಅದರಲ್ಲಿ ಅವನು ಯುದ್ಧದ ನಡುವೆ ಒಂದು ಅಳಿಲನ್ನೂ ಉಳಿಸುತ್ತಾನೆ. ಆ ಅಳಿಲಿನ ಮೇಲೂ ಜಗಳವಾಯಿತು ಎಂದರೆ ನೀವು ನಂಬಬೇಕು.

ಸ್ಟುಡಿಯೋ ಅಭಿಮಾನಿಗಳ ಮಾತಿಗೆ ಕಿವಿಗೊಟ್ಟು ಕೆಟ್ಟದ್ದೂ ಉಂಟು. ಸೋನಿಯ ‘ಮಾರ್ಬಿಯಸ್’ 2022ರಲ್ಲಿ ನೆಲಕಚ್ಚಿದಾಗ ಹುಡುಗರು ಅದರ ಬಗ್ಗೆ ಸಾವಿರಾರು ಮೀಮ್ ಮಾಡಿ ನಕ್ಕರು. ಸೋನಿ ಆ ನಗುವನ್ನು ಪ್ರೀತಿ ಎಂದುಕೊಂಡು ಜೂನ್‌ನಲ್ಲಿ ಸಾವಿರ ಥಿಯೇಟರುಗಳಲ್ಲಿ ಮತ್ತೆ ಬಿಡುಗಡೆ ಮಾಡಿತು. ಆ ವಾರಾಂತ್ಯದ ಗಳಿಕೆ ಸುಮಾರು ಮೂರು ಲಕ್ಷ ಡಾಲರ್. ಭಾಗಿಸಿದರೆ ಥಿಯೇಟರಿಗೆ ಮುನ್ನೂರು. ನಮ್ಮ ರಾಜಕುಮಾರ್ ‘ಅಭಿಮಾನಿ ದೇವರುಗಳು’ ಎಂದಿದ್ದರಲ್ಲ, ದೇವರು ಯಾವಾಗ ತಮಾಷೆ ಮಾಡುತ್ತಿದ್ದಾನೆಂದು ತಿಳಿಯುವ ವಿದ್ಯೆ ಸೋನಿಗೆ ಬರಲಿಲ್ಲ.

ಯಾರು ಸರಿ ಎಂದು ಕೇಳಿದ್ದೀರಿ. ಸ್ಟುಡಿಯೋ ಹಾಳು ಮಾಡಿತು ಎನ್ನುವವನು 2017ರ ಚಿತ್ರದ ಮಟ್ಟಿಗೆ ಸರಿ. ಎರಡೂ ಆವೃತ್ತಿ ನೋಡಿದ ಮೇಲೆ ಅದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಸೈಬೋರ್ಗ್ ಎಂಬ ಹುಡುಗನ ಪಾತ್ರವೊಂದೇ ಸಾಕು: ಒಂದರಲ್ಲಿ ಅವನು ಯಂತ್ರ ತಿರುಗಿಸುವ ಕೆಲಸಗಾರ, ಇನ್ನೊಂದರಲ್ಲಿ ಅಪ್ಪನ ಮೇಲೆ ಮುನಿದ ಮಗ, ಇಡೀ ಕಥೆಯ ಎದೆ. ಸ್ನೈಡರ್ ಹಾಳು ಮಾಡಿದರು ಎನ್ನುವವನಿಗೂ ಆಧಾರವಿದೆ. ಸೂಪರ್‌ಮ್ಯಾನ್ ನಗುವುದನ್ನೇ ಮರೆತದ್ದು ಯಾವ ಅಧಿಕಾರಿಯ ಅಪ್ಪಣೆಯಿಂದಲೂ ಅಲ್ಲ. ಹತ್ತು ನಿಮಿಷಕ್ಕೊಮ್ಮೆ ಎಲ್ಲರೂ ನೀರಿನೊಳಗೆ ನಡೆದಂತೆ ನಡೆಯುವ ಸ್ಲೋ ಮೋಷನ್ ಕೂಡ ಅವರದೇ.

ಈ ಬಾಗಿಲಿಲ್ಲದ ಮನೆಗೊಂದು ಬಾಗಿಲು ಬರುವ ತಾರೀಖು ಮಾತ್ರ ಗೊತ್ತಾಗಿದೆ. ಅಮೆರಿಕದ ಕಾನೂನಿನಂತೆ ಆ ಕಾಲದ ಕೃತಿಗಳ ಹಕ್ಕುಸ್ವಾಮ್ಯ 95 ವರ್ಷ. 1938ರ ಮೊದಲ ಸೂಪರ್‌ಮ್ಯಾನ್ ಕಥೆ 2034ರ ಜನವರಿ 1ಕ್ಕೆ ಅಲ್ಲಿ ಸಾರ್ವಜನಿಕ ಸ್ವತ್ತಾಗುತ್ತದೆ. ಮರುವರ್ಷ ಬ್ಯಾಟ್‌ಮ್ಯಾನ್. ಆಮೇಲೆ ಸೇರಿದ ಗುಣಲಕ್ಷಣಗಳು, ಟ್ರೇಡ್‌ಮಾರ್ಕ್ ಎಲ್ಲ ಕಂಪನಿಯ ಬಳಿಯೇ ಇರುತ್ತವೆ, ಆದರೂ ಆ ಮೊದಲ ಸೂಪರ್‌ಮ್ಯಾನ್‌ನನ್ನು ಯಾರು ಬೇಕಾದರೂ ಆಡಿಸಬಹುದು. ಮಿಕ್ಕಿ ಮೌಸ್‌ನ ಮೊದಲ ರೂಪಕ್ಕೆ 2024ರಲ್ಲಿ ಹೀಗೆ ಬಿಡುಗಡೆಯಾದ ತಕ್ಷಣ ಕೆಲವರು ಅವನನ್ನು ದೆವ್ವದ ಸಿನಿಮಾಗೆ ಸೇರಿಸಿದರು, ಆದ್ದರಿಂದ ಬಹಳ ಆಸೆ ಇಟ್ಟುಕೊಳ್ಳಬೇಡಿ. ನಿಮ್ಮ ಹುಡುಗರಿಗೆ ಆಗ ಮೂವತ್ತರ ಹತ್ತಿರ. ಇಬ್ಬರೂ ತಮ್ಮತಮ್ಮ ಸೂಪರ್‌ಮ್ಯಾನ್ ಮಾಡಲಿ.

ಅಲ್ಲಿಯವರೆಗೆ, ನಿಮಗೂ ನೋಡುವ ಮನಸ್ಸಾದರೆ ಸ್ನೈಡರ್ ಅವರ ಆವೃತ್ತಿಯನ್ನೇ ನೋಡಿ. ನಾಲ್ಕು ಗಂಟೆ ಎರಡು ನಿಮಿಷ. ಆರು ಭಾಗ, ಕೊನೆಗೊಂದು ಬಾಲ. ಊಟಕ್ಕೆ ಮುಂಚೆ ಮೂರು, ಊಟವಾದ ಮೇಲೆ ಮೂರು. ಚಿತ್ರ ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟು, ಹಳೆಯ ದೂರದರ್ಶನ ಪೆಟ್ಟಿಗೆಯ ಹಾಗೆ ಚೌಕವಾಗಿ ಕಾಣುತ್ತದೆ. ಟಿವಿ ಕೆಟ್ಟಿಲ್ಲ, ನಿರ್ದೇಶಕರ ಇಚ್ಛೆ. ರಿಮೋಟ್ ಮುಟ್ಟಬೇಡಿ, ಸ್ನೈಡರ್ ಪಕ್ಷದ ಹುಡುಗ ಪಕ್ಕದಲ್ಲಿದ್ದರಂತೂ ಮುಟ್ಟಲೇಬೇಡಿ.